ಬರೆಸಿ ಬರೆಸಿ ಮಾತನಾಡಿಸಿದ ಬಗೆ: ನನ್ನ ಅನುಭವ

ಸಂದರ್ಶನ ತರಬೇತಿ ಕೊಡುವ ಎಲ್ಲರೂ ಇದನ್ನು ಕಂಡಿರುತ್ತೀರಿ: ತರಗತಿಯಲ್ಲಿ ತುಟಿ ಬಿಚ್ಚದ ಹುಡುಗ ರಾತ್ರಿ ಹನ್ನೊಂದಕ್ಕೆ ಟೆಲಿಗ್ರಾಂನಲ್ಲಿ ಮೂರು ಪುಟದಷ್ಟು ಪ್ರಶ್ನೆ ಕಳಿಸಿರುತ್ತಾನೆ. ಧಾರವಾಡದ ಸಪ್ತಾಪುರದಲ್ಲಿ ಪಾಠ ಹೇಳುವ ನಾವೆಲ್ಲ ಇದಕ್ಕೆ ನಕ್ಕು ಸುಮ್ಮನಾಗುತ್ತಿದ್ದೆವು. ನಾನು ಆ ಮೂರು ಪುಟವನ್ನೇ ಹಿಡಿದುಕೊಂಡು ಹೊರಟೆ. 'ಮೊಬೈಲ್ ಕೈಗೆ ಕೊಟ್ಟು ಮಾತು ಕಲಿಸುತ್ತಾನಂತೆ' ಎಂದು ಚಹಾದಂಗಡಿಯಲ್ಲಿ ಆಡಿಕೊಂಡವರು ಕಡಿಮೆಯಿಲ್ಲ. ಅವರಲ್ಲಿ ಇಬ್ಬರು ಈಗ ತಮ್ಮ ವಿದ್ಯಾರ್ಥಿಗಳನ್ನು ನನ್ನ ಕಡೆಗೆ ಕಳಿಸುತ್ತಿದ್ದಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

2016ರ ಜನವರಿಯಿಂದ ಕೇಂದ್ರ ಸರ್ಕಾರ ಗೆಜೆಟೆಡ್ ಅಲ್ಲದ 'ಬಿ' ಗುಂಪಿನ ಹುದ್ದೆಗಳಿಗೂ 'ಸಿ', 'ಡಿ' ಗುಂಪಿನ ಹುದ್ದೆಗಳಿಗೂ ಸಂದರ್ಶನ ಕೈಬಿಟ್ಟ ಮೇಲೆ ನಮ್ಮ ಕಸುಬಿಗೆ ಬಿದ್ದ ಪೆಟ್ಟು ನಿಮಗೆ ಗೊತ್ತು. ಉಳಿದವರು ಬ್ಯಾಂಕ್ ಪಿಒ (ಪ್ರೊಬೇಷನರಿ ಅಧಿಕಾರಿ), ಕೆಎಎಸ್, ಯುಪಿಎಸ್‌ಸಿಯವರು ಮತ್ತು ಖಾಸಗಿ ಕಂಪನಿ ಹುಡುಕುವವರು. ಬ್ಯಾಂಕ್ ನೇಮಕಾತಿ ನಡೆಸುವ ಐಬಿಪಿಎಸ್ ಸಂಸ್ಥೆಯ ಪಿಒ ಸಂದರ್ಶನಕ್ಕೆ 100 ಅಂಕ, ಅಂತಿಮ ಪಟ್ಟಿಯಲ್ಲಿ ಅದರ ಪಾಲು ಶೇ 20. ಯುಪಿಎಸ್‌ಸಿಯಲ್ಲಿ 275 ಅಂಕ. ಲಿಖಿತ ಪರೀಕ್ಷೆಯಲ್ಲಿ ರಾಶಿ ಅಂಕ ತಂದು, ಮಂಡಳಿಯ ಮುಂದೆ ತಮ್ಮ ಊರಿನ ಹೆಸರು ಹೇಳುವುದಕ್ಕೂ ಬೆವರಿದವರೇ ನನ್ನ ಗಿರಾಕಿಗಳು. ರೋಣ, ಶಿರಹಟ್ಟಿ, ಹಿರೇಕೆರೂರು, ಸವಣೂರು ಕಡೆಯವರು ಹೆಚ್ಚು.

ಇವರಿಗೆ ಬರೆಯುವಾಗ ಬರುವ ಧೈರ್ಯ ಎಲ್ಲಿಂದ ಬರುತ್ತದೆ? ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲಿ ಇದರ ಕಾರಣಗಳನ್ನು ಪಟ್ಟಿ ಮಾಡಿದ್ದಾರೆ: ಹೆಸರು ಗೊತ್ತಾಗುವುದಿಲ್ಲ, ಮುಖ ಕಾಣುವುದಿಲ್ಲ, ಉತ್ತರ ಆ ಕ್ಷಣಕ್ಕೇ ಕೊಡಬೇಕಾಗಿಲ್ಲ, ಹೀಗೆ. ಅದರ ಚರ್ಚೆ ಇಲ್ಲಿ ಬೇಡ. ನಾನು ಕಂಡದ್ದರಲ್ಲಿ ಆ ಪಟ್ಟಿಗೆ ಸೇರಿಸಬೇಕಾದ ನಮ್ಮ ಕಡೆಯ ಕಾರಣ ಒಂದಿದೆ, ಅದು ಉಚ್ಚಾರ. 'ಹ' ಬಿಟ್ಟುಹೋಗುತ್ತದೆ, 'ಶ' 'ಸ' ಆಗುತ್ತದೆ ಎಂಬ ಅಳುಕು ಇಂಗ್ಲಿಷಿನ ಅಳುಕಿಗಿಂತ ಆಳವಾದದ್ದು. ಕಾಲೇಜಿನಲ್ಲಿ ಒಮ್ಮೆ ಯಾರೋ ನಕ್ಕಿರುತ್ತಾರೆ, ಅಷ್ಟೇ ಸಾಕು. ಟೈಪ್ ಮಾಡಿದ ಅಕ್ಷರಕ್ಕೆ ಊರು ಇರುವುದಿಲ್ಲ. ಕೈ ನಡುಗಿದ್ದು ಕಾಣುವುದಿಲ್ಲ, ಕೆನ್ನೆ ಕೆಂಪಾದದ್ದು ಕಾಣುವುದಿಲ್ಲ, ಎದುರಿನವರು ಆಕಳಿಸಿದ್ದು ಇವರಿಗೂ ಕಾಣುವುದಿಲ್ಲ. ಈ ಕೊನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗದಗ ಕಡೆಯ ಒಬ್ಬ ವಿದ್ಯಾರ್ಥಿನಿ ಹೇಳಿದ್ದು ಇದನ್ನೇ: "ಸರ್, ನಿಮ್ಮ ಹುಬ್ಬು ಕಾಣದಿದ್ದರೆ ನನಗೆ ಉತ್ತರ ತಾನಾಗಿ ಬರುತ್ತದೆ." ಅಂದಿನಿಂದ ನಾನು ನನ್ನ ಹುಬ್ಬಿನ ಮೇಲೆ ಒಂದು ಕಣ್ಣಿಟ್ಟಿದ್ದೇನೆ.

ಮೊದಲು ಮಾಡಿದ್ದು ಅನಾಮಧೇಯ ಗುಂಪು. ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿ, ಸುಳ್ಳು ಹೆಸರಿಟ್ಟುಕೊಂಡು ಬನ್ನಿ ಎಂದೆ. ಒಂದು ವಾರ ಹಬ್ಬ. ಬಾಯಿಲ್ಲದವರೆಲ್ಲ ಕೃಷಿ ಕಾಯ್ದೆ, ಮಹದಾಯಿ, ಮೀಸಲಾತಿ ಎಂದು ಚರ್ಚೆಗೆ ಇಳಿದರು. ಎರಡನೆಯ ವಾರ ಒಬ್ಬರ ಮೇಲೊಬ್ಬರು ಕೆಸರು ಎರಚಿದರು. ನಾಚಿಕೆಯವರೆಂದರೆ ಮೆತ್ತಗಿನವರು ಎಂದುಕೊಳ್ಳಬೇಡಿ, ಮುಸುಕು ಸಿಕ್ಕರೆ ಅವರಷ್ಟು ಖಾರ ಇನ್ನೊಬ್ಬರಿಲ್ಲ. ನಾಲ್ಕೈದು ಜನ ಬಿಟ್ಟುಹೋದರು, ಫೀ ಮರಳಿಸಿದ್ದು ಹದಿನೈದು ಸಾವಿರದ ಹತ್ತಿರ ಆಯಿತು.

ಎರಡನೆಯದು ವಿಡಿಯೊ ತರಗತಿ. ವಿಡಿಯೊ ಆ್ಯಪ್‌ನ ನಲವತ್ತು ನಿಮಿಷದ ಉಚಿತ ಮಿತಿ ಸಾಲದೆಂದು ವಾರ್ಷಿಕ ಚಂದಾ ಕಟ್ಟಿದೆ, ಹದಿಮೂರು ಸಾವಿರ ಚಿಲ್ಲರೆ. ಬೆಳಕಿಗೆಂದು ಇನ್ನೆರಡು ಸಾವಿರ. ಕ್ಯಾಮೆರಾ ಕಡ್ಡಾಯ ಎಂದೆ. ತರಗತಿಗಿಂತ ಕೆಟ್ಟದಾಯಿತು. ನೆಟ್‌ವರ್ಕ್ ಇಲ್ಲ ಎಂಬ ನೆಪ ಹಿರೇಕೆರೂರಿನವರಿಂದ ಬಂದರೆ ನಂಬಬಹುದು, ಕಲ್ಯಾಣನಗರದ ಪಿಜಿಯಿಂದಲೂ ಬಂತು. ಕಾರಣ ತಿಳಿಯಲು ತಿಂಗಳೇ ಹಿಡಿಯಿತು: ಪರದೆಯ ಮೂಲೆಯಲ್ಲಿ ಅವರ ಮುಖವೇ ಅವರಿಗೆ ಕಾಣುತ್ತಿತ್ತು. ಅಳುಕಿನವರು ಮೊದಲೇ ತಮ್ಮನ್ನು ಹೊರಗಿನಿಂದ ನೋಡಿಕೊಳ್ಳುವವರು, ನಾನು ಅವರ ಮುಂದೆ ಕನ್ನಡಿ ಹಿಡಿದಿದ್ದೆ. 'ಹೈಡ್ ಸೆಲ್ಫ್ ವ್ಯೂ' ಎಂಬ ಗುಂಡಿ ಒತ್ತಿಸಿದ ಮೇಲೆ ಅರ್ಧ ರೋಗ ಇಳಿಯಿತು. ಬಿಟ್ಟಿ ಔಷಧ. ವಿಡಿಯೊ ಪಾಠ ಮಾಡುವವರು ಬೇರೇನೂ ಮಾಡದಿದ್ದರೂ ಇದನ್ನು ಮಾಡಿ.

ಮೂರನೆಯ ಸೋಲು ಎಲ್ಲಕ್ಕಿಂತ ದುಬಾರಿಯಾದದ್ದು, ಏಕೆಂದರೆ ಅದು ಗೆಲುವಿನ ವೇಷದಲ್ಲಿ ಬಂತು. ಒಂದು ತಂಡಕ್ಕೆ ಬರೀ ಟೈಪ್ ಮಾಡಿಸಿದೆ. ಎಂಥ ಉತ್ತರಗಳು! ಅಂಥದ್ದನ್ನು ನಾನೂ ಬರೆಯಲಾರೆ. ಅಣಕು ಸಂದರ್ಶನಕ್ಕೆ ಕೂರಿಸಿದರೆ ಮತ್ತೆ ಅದೇ ಮೌನ. ಅವರ ಫೋನ್ ಪಕ್ಕದಲ್ಲಿ ಕುಳಿತು ನೋಡಿದಾಗ ಒಳಗುಟ್ಟು ತಿಳಿಯಿತು: ಎರಡು ಸಾಲಿನ ಉತ್ತರಕ್ಕೆ ಕಾಲು ಗಂಟೆ, ಬರೆದು ಅಳಿಸಿ, ಬರೆದು ಅಳಿಸಿ. ಮನಶ್ಶಾಸ್ತ್ರಜ್ಞರಾದ ಕ್ಲಾರ್ಕ್ ಮತ್ತು ವೆಲ್ಸ್ 1995ರಲ್ಲಿ ಹೇಳಿದ್ದು ಇಲ್ಲಿಗೆ ಹೊಂದುತ್ತದೆ. ಅಳುಕಿನವರು ಅಪಾಯ ತಪ್ಪಿಸಿಕೊಳ್ಳಲು ಮಾಡುವ ಸಣ್ಣಪುಟ್ಟ ರಕ್ಷಣೆಗಳೇ ಅಳುಕನ್ನು ಸಾಕುತ್ತವೆ. ಆನ್‌ಲೈನ್ ಹಿತವಾಗಿರುವುದು ಮೂರು ರಕ್ಷಣೆಗಳು ಅಲ್ಲಿ ಒಟ್ಟಿಗೆ ಸಿಗುವುದರಿಂದ: ಸಮಯ, ಮರೆಯಾದ ದನಿ, ಮರೆಯಾದ ಮುಖ. ಮೂರನ್ನೂ ಒಂದೇ ಸಲ ಕಿತ್ತುಕೊಂಡರೆ ಅದು ನಮ್ಮ ಹಳೆಯ ತರಗತಿ. ಒಂದೊಂದಾಗಿ ಬಿಡಿಸುತ್ತ ಹೋದರೆ ಆಗುತ್ತದೆ ಎಂದು ಹೊಳೆದದ್ದು ಆಗಲೇ. ಈಗ ನಡೆಸುವುದು ಅದನ್ನೇ.

ಮೊದಲು ಸಮಯ ಕಿತ್ತುಕೊಳ್ಳುತ್ತೇನೆ. ಸಂಜೆ ಏಳಕ್ಕೆ ಪ್ರಶ್ನೆ ಬರುತ್ತದೆ, ಎರಡು ನಿಮಿಷದೊಳಗೆ ಉತ್ತರ, ಕಳಿಸಿದ್ದನ್ನು ಅಳಿಸುವಂತಿಲ್ಲ. ಅಕ್ಷರದೋಷ ಇದ್ದರೆ ಇರಲಿ, ನಾನೂ ಬೇಕೆಂದೇ ಒಂದೆರಡು ಬಿಡುತ್ತೇನೆ. ಆಮೇಲೆ ದನಿಯ ಸರದಿ: ವಾಟ್ಸ್‌ಆ್ಯಪ್‌ನಲ್ಲಿ ಧ್ವನಿಸಂದೇಶ, ಮುಕ್ಕಾಲು ನಿಮಿಷ, ಒಂದೇ ಸಲಕ್ಕೆ. ಕಳಿಸುವ ಮೊದಲು ಕೇಳಿಕೊಳ್ಳುವಂತಿಲ್ಲ. ಇಲ್ಲಿ ಯಾರೂ ಊಹಿಸದ ತೊಡಕು ಎದುರಾಯಿತು, ನಾಲ್ಕು ಜನರ ಪಿಜಿ ಕೋಣೆಯಲ್ಲಿ ಒಬ್ಬರೇ ಮಾತನಾಡುವುದು ಹೇಗೆ? ಹುಡುಗರು ಕೆಲಗೇರಿ ಕೆರೆಯ ದಂಡೆಗೆ ಹೋದರು, ಹುಡುಗಿಯರು ಮಾಳಿಗೆ ಹತ್ತಿದರು. ಒಬ್ಬಳು ಶಾಲ್ ಮುಸುಕು ಹಾಕಿಕೊಂಡು ಕಳಿಸುತ್ತಿದ್ದಳು, ಅವಳ ಸಂದೇಶಗಳು ಬಾವಿಯೊಳಗಿನಿಂದ ಬಂದಂತೆ ಇರುತ್ತಿದ್ದವು. ಆಮೇಲೆ ಜೋಡಿ ಮಾಡಿ ಫೋನ್ ಕರೆ, ನಂತರ ತಮ್ಮ ಮುಖ ತಮಗೆ ಕಾಣದ ವಿಡಿಯೊ, ಕೊನೆಗೆ ಕೋಣೆ, ಕುರ್ಚಿ, ಮೇಜಿನ ಆಚೆ ಅಪರಿಚಿತ.

ಜೋಡಿ ಯಾರ ಜೊತೆ ಯಾರಿಗೆ ಎಂಬುದರಲ್ಲಿ ಒಂದು ಲೆಕ್ಕವಿದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಅದು ನನ್ನ ಅನ್ನ. ಅಪರಿಚಿತರನ್ನು ಎಲ್ಲಿಂದ ತರುತ್ತೇನೆ ಎಂಬುದನ್ನೂ ಹೇಳುವುದಿಲ್ಲ.

ಅಡ್ಡದಾರಿ ಪ್ರಯೋಗಗಳೂ ಆದವು. ಫೋನ್ ಕರೆಗೆ ಹೆದರುವವರಿಗೆ ರೈಲ್ವೆ ವಿಚಾರಣೆಯ 139ಕ್ಕೆ ಕರೆ ಮಾಡಲು ಹೇಳಿದೆ. ಮೊದಲು ಯಂತ್ರದ ದನಿ, ಆಮೇಲೆ ಮನುಷ್ಯರು. ಹುಬ್ಬಳ್ಳಿಯಿಂದ ರೈಲು ಎಷ್ಟು ಹೊತ್ತಿಗೆ ಎಂದು ಕೇಳಿ ಇಟ್ಟುಬಿಡುವುದು. ಇದು ಭರ್ಜರಿಯಾಗಿ ನಡೆಯಿತು. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಪಕ್ಕದವರನ್ನು ಮಾತನಾಡಿಸಿ ಬನ್ನಿ ಎಂದದ್ದು ನಡೆಯಲಿಲ್ಲ. ಎಲ್ಲರ ಕಿವಿಯಲ್ಲೂ ಇಯರ್‌ಫೋನ್ ಇರುತ್ತದೆ, ಮಾತನಾಡಿಸುವುದು ಯಾರನ್ನು? ಹುಬ್ಬಳ್ಳಿಯ ದುರ್ಗದಬೈಲು ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿಸಿದ್ದು ಅರ್ಧ ಫಲ ಕೊಟ್ಟಿತು. ಚೌಕಾಸಿ ಕಲಿತರು, ಜೊತೆಗೆ ಬೇಡದ ಸಾಮಾನು ಕೊಂಡು ಬಂದರು. ಕೊಂಡದ್ದಕ್ಕೆ ನನ್ನನ್ನೇ ಹಣ ಕೇಳಿದವನೊಬ್ಬ ಇದ್ದ. ಕೇಳುವ ಧೈರ್ಯ ಬಂತಲ್ಲ ಎಂದು ಕೊಟ್ಟೆ. ಇನ್ನೊಂದು: ಗ್ರಂಥಭಾಷೆಯಲ್ಲಿ ಟೈಪ್ ಮಾಡಿದವರಿಗಿಂತ ಮನೆಯ ಮಾತಿನಲ್ಲೇ ಟೈಪ್ ಮಾಡಿದವರು ಧ್ವನಿಸಂದೇಶಕ್ಕೆ ಬೇಗ ದಾಟಿದರು. ಈಗ ಮೊದಲ ವಾರ ಎಲ್ಲರಿಗೂ ಧಾರವಾಡ, ಹಾವೇರಿ ಮಾತೇ ಕಡ್ಡಾಯ. ತಿದ್ದುವುದು ಆಮೇಲೆ.

ಎಲ್ಲರನ್ನೂ ಸೇರಿಸಿಕೊಳ್ಳುವುದಿಲ್ಲ. ಊಟಕ್ಕೂ ಕೋಣೆ ಬಿಟ್ಟು ಬಾರದವರು, ರಾತ್ರಿ ನಿದ್ದೆ ಇಲ್ಲದವರು ಬಂದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ ಬನ್ನಿ ಎನ್ನುತ್ತೇನೆ. 1845ರಿಂದ ಮಾನಸಿಕ ಚಿಕಿತ್ಸೆಯ ಜಾಗ ಅದು. ಆ ಹೆಸರಿಗೇ ತಂದೆತಾಯಿ ಎದ್ದು ನಿಲ್ಲುತ್ತಾರೆ, "ನಮ್ಮ ಮಗನಿಗೆ ಹುಚ್ಚು ಹಿಡಿದಿದೆಯೇ ಸರ್?" ಎಂದು. ಅಂಥವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಸಂಖ್ಯೆ ಬರೆದುಕೊಡುತ್ತೇನೆ, ಉಚಿತ ಎಂದೂ ಹೇಳುತ್ತೇನೆ. ಫೋನ್ ಎತ್ತಲಾರದವರಿಗೆ ಫೋನ್ ಮಾಡಿ ಎನ್ನುವುದು ವಿಚಿತ್ರ ನಿಜ, ಮೊದಲ ಕರೆಯನ್ನು ಅಣ್ಣನೋ ಅಕ್ಕನೋ ಮಾಡಿಕೊಟ್ಟರೆ ಸಾಕು. ಹಾಗೆ ಹೋದವರಲ್ಲಿ ಒಬ್ಬ ಮರುವರ್ಷ ನನ್ನ ತರಗತಿಗೇ ಬಂದ.

ಇನ್ನು ದುಡ್ಡು. ಹಿಂದೆ ಸಭಾಂಗಣದ ಬಾಡಿಗೆ ತಿಂಗಳಿಗೆ ಹನ್ನೆರಡು ಸಾವಿರದಷ್ಟಿತ್ತು, ಕುರ್ಚಿಗಳು ಅರ್ಧ ಖಾಲಿ. ಈಗ ಕೊನೆಯ ಎರಡು ವಾರಕ್ಕೆ ಮಾತ್ರ ಸಣ್ಣ ಕೋಣೆ ಹಿಡಿಯುತ್ತೇನೆ, ಮೂರು ಸಾವಿರಕ್ಕೆ ಮುಗಿಯುತ್ತದೆ. ಫೀ ನಾಲ್ಕೂವರೆ ಸಾವಿರ, ಎರಡು ಕಂತು, ಎರಡನೆಯ ಕಂತು ಧ್ವನಿಸಂದೇಶದ ಹಂತ ದಾಟಿದ ಮೇಲೆ. ಈ ಕಂತಿನ ಉಪಾಯಕ್ಕೆ ಮನೆಯಲ್ಲಿ ಬೈಗುಳ ತಿಂದೆ, ಆದರೆ ಬಿಟ್ಟುಹೋಗುವವರು ಕಡಿಮೆಯಾದದ್ದು ಅದರಿಂದಲೇ. ತಂಡಕ್ಕೆ ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ, ಧ್ವನಿಸಂದೇಶ ಕೇಳುವುದರಲ್ಲೇ ರಾತ್ರಿ ಕಳೆಯುತ್ತದೆ. ಕಳೆದ ವರ್ಷ ನನ್ನಲ್ಲಿ ಕಲಿತವರಲ್ಲಿ ಆರೇಳು ಜನ ಬ್ಯಾಂಕ್ ಪಟ್ಟಿಯಲ್ಲಿದ್ದರು, ಅದಕ್ಕೂ ಹಿಂದಿನ ವರ್ಷ ಒಬ್ಬರೋ ಇಬ್ಬರೋ. ಮೊದಲಿನ ಎರಡು ವರ್ಷದ ನಷ್ಟ ತುಂಬಿದ್ದು ಈ ದೀಪಾವಳಿಗೆ.

ಹೊಸ ತಂಡ ಯುಗಾದಿ ಆದ ಮೇಲೆ. ಆ ಅನಾಮಧೇಯ ಗುಂಪನ್ನು ಇನ್ನೊಮ್ಮೆ ನಡೆಸಿ ನೋಡುವ ಆಸೆಯಿದೆ, ಈ ಸಲ ಮೂರೇ ದಿನಕ್ಕೆ, ರಾತ್ರಿ ಒಂಬತ್ತಕ್ಕೆ ಬೀಗ ಹಾಕಿ. ಹೆಂಡತಿ ಬೇಡ ಎನ್ನುತ್ತಿದ್ದಾಳೆ.