ಮೊದಲು ಟೆಂಟು, ಆಮೇಲೆ ಲಾಡ್ಜು: ಪೆಟಿ ಜೀನ್ ಬೆಟ್ಟದಲ್ಲಿ ಎರಡು ರಾತ್ರಿ

ಅಮೆರಿಕದ ಅರ್ಕನ್ಸಾ ರಾಜ್ಯದ ಪೆಟಿ ಜೀನ್ ಬೆಟ್ಟಕ್ಕೆ ಎರಡು ರಾತ್ರಿಗೆ ಹೋಗುವವರಿಗೆ ನಾನು ಹೇಳುವುದು ಒಂದೇ ಮಾತು. ಮೊದಲ ರಾತ್ರಿ ಟೆಂಟಿನಲ್ಲಿ ಮಲಗಿ, ಎರಡನೇ ರಾತ್ರಿ ಲಾಡ್ಜಿನಲ್ಲಿ. ನಾವು ಮೊದಲ ಸಲ ತಿರುಗಾಮುರುಗಾ ಮಾಡಿದ್ದೆವು. ಮೆತ್ತನೆ ಹಾಸಿಗೆಯಿಂದ ಎದ್ದು ಮಾರನೇ ರಾತ್ರಿ ನೆಲದ ಮೇಲೆ ಮಲಗಿ, ವಾಪಸ್ ಬರುವಾಗ ಕಾರಿನಲ್ಲಿ ಯಾರ ಬಾಯಲ್ಲೂ ಮಾತಿರಲಿಲ್ಲ. ಈ ಸಲ ಸಾಗರದಿಂದ ಅಮ್ಮ ಬಂದಿದ್ದರು, ಹಾಗಾಗಿ ಸ್ವಲ್ಪ ತಲೆ ಓಡಿಸಿದೆ.

ನಾವಿರುವುದು ಅದೇ ರಾಜ್ಯದ ಬೆಂಟನ್‌ವಿಲ್‌ನಲ್ಲಿ. ವಾಲ್‌ಮಾರ್ಟ್‌ನ ಮುಖ್ಯ ಕಚೇರಿ ಇರುವ ಊರು. ಅಕ್ಟೋಬರ್ ಕೊನೆ, ಎಲೆಗಳ ಬಣ್ಣ ತಿರುಗುವ ಹೊತ್ತು. ಐ-49 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಇಳಿದು, ಐ-40ರಲ್ಲಿ ಪೂರ್ವಕ್ಕೆ ಹೋದರೆ ಮೊರಿಲ್ಟನ್. ಅಲ್ಲಿ 108ನೇ ಎಕ್ಸಿಟ್. ಆಮೇಲೆ 9ನೇ ಹೆದ್ದಾರಿ, ಕೊನೆಗೆ 154ನೇದು. ನಮಗೆ ಮೂರು ಗಂಟೆ ಹಿಡಿಯಿತು. ಹಾಲು, ಐಸು ಎಲ್ಲ ಮೊರಿಲ್ಟನ್‌ನಲ್ಲೇ ತಗೊಂಡುಬಿಡಿ.

ಬೆಟ್ಟ ಅಂದ ಕೂಡಲೇ ಮುಳ್ಳಯ್ಯನಗಿರಿಯನ್ನು ನೆನೆಸಿಕೊಳ್ಳಬೇಡಿ. ಇದು 400 ಮೀಟರೂ ಇಲ್ಲ. ಆದರೆ ಕೆಳಗೆ ಅರ್ಕನ್ಸಾ ನದಿಯ ಬಯಲು ಇರುವುದರಿಂದ ಎತ್ತರ ಜಾಸ್ತಿ ಅನಿಸುತ್ತದೆ. ನೆತ್ತಿಯೂ ಮೊನಚಲ್ಲ, ದೋಸೆ ಕಾವಲಿಯ ಹಾಗೆ ಸಪಾಟು. ಅದಕ್ಕೇ ಮೇಲೆ ಕೆರೆ, ಲಾಡ್ಜು, ಕ್ಯಾಂಪ್‌ಗ್ರೌಂಡ್, ಸಾಲದ್ದಕ್ಕೆ ಸಣ್ಣ ವಿಮಾನಗಳು ಇಳಿಯುವ ಜಾಗವೂ ಇದೆ. ಇದು ಸ್ಟೇಟ್ ಪಾರ್ಕ್, ಅಂದರೆ ರಾಜ್ಯ ಸರ್ಕಾರದ ಉದ್ಯಾನ. ಅರ್ಕನ್ಸಾದ ಸ್ಟೇಟ್ ಪಾರ್ಕುಗಳಿಗೆ ಪ್ರವೇಶ ಶುಲ್ಕ ಇಲ್ಲ. ಟೆಂಟು ಹಾಕುವ ಜಾಗಕ್ಕೆ, ರೂಮಿಗೆ ಮಾತ್ರ ದುಡ್ಡು.

ಕ್ಯಾಂಪ್‌ಗ್ರೌಂಡ್‌ನಲ್ಲಿ 125 ಜಾಗಗಳಿವೆ. ನಮ್ಮದರ ಪಕ್ಕದಲ್ಲೇ ಒಂದು ನಲ್ಲಿ, ಒಂದು ಕರೆಂಟ್ ಕಂಬ. ದೊಡ್ಡ ಗಾಡಿಗಳ ಪ್ಲಗ್ಗಿನ ಜೊತೆಗೆ ಮನೆಯಲ್ಲಿರುವಂಥ ಪ್ಲಗ್ಗೂ ಇತ್ತು. ಅಮ್ಮ ಅದನ್ನು ನೋಡಿದ್ದೇ, ರೈಸ್ ಕುಕ್ಕರ್ ತೆಗೆದು ಅನ್ನಕ್ಕಿಟ್ಟರು. ಸ್ನಾನದ ಕಟ್ಟಡ ನೋಡಿಕೊಂಡು ಬಂದು, "ನೀರಿದೆ, ಕರೆಂಟಿದೆ, ಬಿಸಿನೀರಿನ ಬಚ್ಚಲಿದೆ. ಇದು ಯಾವ ಸೀಮೆ ಕಾಡೇ?" ಎಂದರು. ರಾತ್ರಿ ಬೆಂಕಿ ಕಾಯಿಸುತ್ತಾ ಚಿತ್ರಾನ್ನ ತಿಂದೆವು. ಕೋಡುಬಳೆ ಡಬ್ಬಿಯನ್ನು ಮೇಜಿನ ಮೇಲೇ ಮರೆತೆವು.

ಈಗ ನಾನು ಮಾಡಿದ ತಪ್ಪು. ಟೆಂಟಿನ ಕೆಳಗೆ ಟಾರ್ಪಾಲು ಹಾಸುತ್ತಾರಲ್ಲ, ನಾನು ದೊಡ್ಡದೇ ಇರಲಿ ಅಂತ ಸುತ್ತ ಒಂದೊಂದು ಗೇಣು ಹೊರಗೆ ಬರುವ ಹಾಗೆ ಹಾಸಿದ್ದೆ. ರಾತ್ರಿ ಎರಡು ಗಂಟೆಗೆ ಮಳೆ ಶುರು. ಮೇಲಿನಿಂದ ಒಂದು ಹನಿಯೂ ಸೋರಲಿಲ್ಲ. ಆದರೆ ಟೆಂಟಿನ ಗೋಡೆಯಿಂದ ಇಳಿದ ನೀರೆಲ್ಲ ಹೊರಗೆ ಚಾಚಿದ್ದ ಟಾರ್ಪಾಲಿನ ಮೇಲೆ ಬಿದ್ದು, ಸೀದಾ ನಮ್ಮ ಅಡಿಗೆ ಹರಿದು ಬಂತು. ಕೈ ಊರಿದರೆ ನೆಲ ನೀರಿನ ಚೀಲದ ಹಾಗೆ ಜುಳುಜುಳು ಅನ್ನುತ್ತಿತ್ತು. ಅಮ್ಮನನ್ನೂ ಮಗನನ್ನೂ ಕಾರಿನಲ್ಲಿ ಮಲಗಿಸಿ, ನಾನು ಇವರು ಟಾರ್ಚ್ ಹಿಡಿದು ಅಂಚುಗಳನ್ನು ಒಳಕ್ಕೆ ಮಡಚಿದೆವು. ಟಾರ್ಪಾಲು ಟೆಂಟಿಗಿಂತ ನಾಲ್ಕು ಬೆರಳು ಚಿಕ್ಕದೇ ಇರಬೇಕು. ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತೇ? ಟಾರ್ಚಿನ ಬೆಳಕಲ್ಲಿ ಇನ್ನೊಂದು ಕಂಡಿತು: ಮೇಜಿನ ಮೇಲೆ ರಕೂನ್ ಎಂಬ ಇಲ್ಲಿಯ ಕಾಡುಪ್ರಾಣಿಯೊಂದು ಕೂತು, ಎರಡೂ ಕೈಯಲ್ಲಿ ಕೋಡುಬಳೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿತ್ತು. ಖಾರ ಅದಕ್ಕೇನೂ ಅನಿಸಲಿಲ್ಲ. ಡಬ್ಬಿ ಖಾಲಿ.

ಅದೇ ಮಳೆಯಿಂದ ಒಂದು ಉಪಕಾರವೂ ಆಯಿತು. ಸೀಡರ್ ಫಾಲ್ಸ್ ಬೇಸಿಗೆ ಕಳೆದ ಮೇಲೆ ಸಾಮಾನ್ಯವಾಗಿ ಸಣ್ಣ ದಾರದಂತೆ ಇಳಿಯುತ್ತದೆ. ಜಲಪಾತವೇ ಮುಖ್ಯ ಅಂದರೆ ವಸಂತದಲ್ಲಿ ಹೋಗಿ, ಎಲೆಯ ಬಣ್ಣ ಬೇಕು ಅಂದರೆ ಅಕ್ಟೋಬರ್ ಕೊನೆಗೆ. ನಮಗೆ ಎರಡೂ ಸಿಕ್ಕಿದ್ದು ಬರೀ ಅದೃಷ್ಟ. 95 ಅಡಿ ಎತ್ತರದಿಂದ ಕೆಂಪು ಮಿಶ್ರಿತ ನೀರು ಧೋ ಅಂತ ಬೀಳುತ್ತಿತ್ತು. ಗಾಲಿಕುರ್ಚಿಯೂ ಹೋಗುವಂಥ ಹಲಗೆ ದಾರಿಯ ವೀಕ್ಷಣಾ ಕಟ್ಟೆ ಇರುವುದರಿಂದ ಅಮ್ಮನ ಮಂಡಿನೋವಿಗೆ ತೊಂದರೆ ಆಗಲಿಲ್ಲ. ಜೋಗದ ಪಕ್ಕದ ಊರಿನವರು ನೋಡಿ, ಸುಮ್ನೆ ಬಿಡ್ತಾರಾ? "ಇದಕ್ಕೆ ಮೂರು ಗಂಟೆ ಕಾರು ಓಡಿಸಿದ್ರಾ?" ಅಂದರು. ಆದರೆ ಅಲ್ಲಿಂದ ಎಬ್ಬಿಸಲು ನನಗೆ ಮುಕ್ಕಾಲು ಗಂಟೆ ಬೇಕಾಯಿತು.

ಮಗನ ಜೊತೆ ನಾನು ಬುಡಕ್ಕೂ ಇಳಿದೆ. ಲಾಡ್ಜಿನ ಹಿಂದಿನಿಂದ ಶುರುವಾಗುವ ದಾರಿ, ಹೋಗಿ ಬರಲು ಸುಮಾರು ಎರಡು ಮೈಲಿ. ಎರಡೇ ಮೈಲಿ ಅಲ್ವಾ ಎಂದು ಚಪ್ಪಲಿಯಲ್ಲಿ ಇಳಿಯಬೇಡಿ. ಒದ್ದೆ ಎಲೆ ಬಿದ್ದ ಕಲ್ಲು ಮೆಟ್ಟಿಲು ಎಣ್ಣೆ ಸವರಿದ ಹಾಗಿರುತ್ತದೆ, ವಾಪಸ್ ಬರುವುದೆಲ್ಲ ಏರು. ಅಮ್ಮನಿಗೆ ರಾಕ್ ಹೌಸ್ ಕೇವ್ ಸರಿಹೋಯಿತು. ಚಿಕ್ಕ ದಾರಿ, ಮಧ್ಯೆ ಆಮೆ ಚಿಪ್ಪಿನಂತೆ ಉಬ್ಬಿದ ಮರಳುಗಲ್ಲುಗಳು. "ಗುಳಿಯಪ್ಪ ಬೋರಲು ಹಾಕಿದ ಹಾಗಿದೆ" ಎಂದರು ಅಮ್ಮ. ಗುಹೆಯ ಚಾವಣಿಯಲ್ಲಿ ಮೂಲನಿವಾಸಿಗಳು ಬರೆದ ಕೆಂಪು ಚಿತ್ರಗಳ ಗುರುತು ಇವೆ. ಸ್ವಲ್ಪ ಹೊತ್ತು ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ, ಆಮೇಲೆ ಕಾಣುತ್ತವೆ.

ಮಧ್ಯಾಹ್ನ ಒದ್ದೆ ಬಟ್ಟೆಯ ಗಂಟು ಹೊತ್ತು ಮೇದರ್ ಲಾಡ್ಜಿಗೆ ಬಂದೆವು. ಈ ಹೆಸರಿಗೊಂದು ಕಥೆ ಇದೆ. ಮರ ಕಡಿಯುವ ಕಂಪನಿಯ ವೈದ್ಯರಾಗಿ ಇಲ್ಲಿಗೆ ಬಂದ ಡಾಕ್ಟರ್ ಹಾರ್ಡಿಸನ್, ಈ ಕಣಿವೆಯನ್ನು ರಾಷ್ಟ್ರೀಯ ಉದ್ಯಾನ ಮಾಡಿ ಎಂದು ಸ್ಟೀಫನ್ ಮೇದರ್ ಅವರ ಹತ್ತಿರ ಹೋದರು. ಮೇದರ್ ಆಗ ರಾಷ್ಟ್ರೀಯ ಉದ್ಯಾನಗಳ ಇಲಾಖೆಯ ಮೊದಲ ನಿರ್ದೇಶಕರು. ಅದಕ್ಕೆ ಇದು ಚಿಕ್ಕದಾಯಿತು, ರಾಜ್ಯದ ಪಾರ್ಕ್ ಮಾಡಿಸಿ ಎಂದರು. 1923ರಲ್ಲಿ ಇದು ಅರ್ಕನ್ಸಾದ ಮೊದಲ ಸ್ಟೇಟ್ ಪಾರ್ಕ್ ಆಯಿತು. ಇಲ್ಲ ಅಂದವರ ಹೆಸರೇ ಲಾಡ್ಜಿಗೆ!

ಕಟ್ಟಿದ್ದು 1930ರ ದಶಕದಲ್ಲಿ, ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದವರಿಗೆ ಕೆಲಸ ಕೊಡಲು ಸರ್ಕಾರ ಶುರು ಮಾಡಿದ ಸಿಸಿಸಿ ದಳ. ಇಲ್ಲಿ ದುಡಿದ ತಂಡ ಮೊದಲ ಮಹಾಯುದ್ಧದ ಮಾಜಿ ಸೈನಿಕರದು, ಆ ದಳದಲ್ಲಿ ಸಾಮಾನ್ಯವಾಗಿ ಇರುತ್ತಿದ್ದ ಹುಡುಗರದಲ್ಲ. ಮುಂದಿನ ಊಟದ ಹಾಲ್ ಹೊಸದು. ಹಳೆಯ ಭಾಗಕ್ಕೆ ಹೋಗಿ ನೋಡಬೇಕು. ದಪ್ಪ ದಿಮ್ಮಿಗಳು, ದೊಡ್ಡ ಕಲ್ಲಿನ ಅಗ್ಗಿಷ್ಟಿಕೆ. ಅಮ್ಮ ಗೋಡೆಯ ಒಂದು ಕಲ್ಲಿನ ಮೇಲೆ ಬೆರಳಾಡಿಸುತ್ತಾ ನಿಂತರು. ಉಳಿ ಏಟಿನ ಗುರುತು, ಓರೆಯಾಗಿ, ಒಂದರ ಪಕ್ಕ ಒಂದು. ಒಂದು ಕಡೆ ಮಾತ್ರ ಸಾಲು ತಿರುಗಿತ್ತು. "ಇಲ್ಲಿ ಕೈ ಬದಲಾಯಿಸಿದಾನೆ" ಅಂದರು. ಸಾಗರದಲ್ಲಿ ನಮ್ಮ ಮನೆಗೆ ಚಿರೆಕಲ್ಲು ಕೆತ್ತಿದವರನ್ನು ನೋಡಿ ಬೆಳೆದ ಕಣ್ಣು. ಆ ರಾತ್ರಿ ಎಲ್ಲರೂ ಎಂಟೂವರೆಗೇ ನಿದ್ದೆ.

ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಬೆಟ್ಟದ ಪೂರ್ವದ ತುದಿ ಸ್ಟೌಟ್ಸ್ ಪಾಯಿಂಟ್‌ಗೆ ಹೋದೆವು. ಕೆಳಗೆ ನದಿ, ಅದರ ಮೇಲೆ ಮಂಜು. ಬೇಲಿಯೊಳಗೆ ಒಂದು ಸಮಾಧಿ. ಪ್ರಿಯಕರನ ಹಿಂದೆ ಗಂಡು ವೇಷ ಹಾಕಿ ಹಡಗು ಹತ್ತಿ ಬಂದ ಫ್ರಾನ್ಸಿನ ಹುಡುಗಿಯೊಬ್ಬಳದು ಅಂತ ದಂತಕಥೆ. ಹಡಗಿನವರು ಅವಳನ್ನು ಪುಟ್ಟ ಜಾನ್ ಎಂದು ಕರೆಯುತ್ತಿದ್ದರಂತೆ, ಫ್ರೆಂಚಿನಲ್ಲಿ ಪೆಟೀ ಜಾನ್. ಇಲ್ಲಿಯವರ ಬಾಯಲ್ಲಿ ಪೆಟಿ ಜೀನ್. ಕಾಯಿಲೆ ಬಿದ್ದಾಗ ಗುಟ್ಟು ರಟ್ಟಾಯಿತು, ಅವಳನ್ನು ಇಲ್ಲೇ ಮಣ್ಣು ಮಾಡಿದರು.

ಅಮ್ಮ ಪೂರ್ತಿ ಕೇಳಿದರು. ಕಾಫಿಯ ಲೋಟ ಕೆಳಗಿಟ್ಟು, "ಅವಳು ಒಂದು ಪ್ಯಾಂಟು ಹಾಕ್ಕೊಂಡು ಸಮುದ್ರ ದಾಟಿಬಿಟ್ಟಳು. ನನ್ನನ್ನ ನೋಡು, ವೀಸಾಕ್ಕೆ ಎರಡು ಸಲ ಚೆನ್ನೈಗೆ ಹೋಗ್ಬೇಕಾಯ್ತು" ಅಂದರು.