ಕಾರ್ಪಲ್ ಟನೆಲ್: ಶಸ್ತ್ರಚಿಕಿತ್ಸೆಗೆ ಮುಂಚೆ ಏನೇನಿದೆ, ಯಾವುದು ಎಷ್ಟು ಕೆಲಸ ಮಾಡುತ್ತದೆ

ಮೊದಲು ಯಾವ ಬೆರಳುಗಳು ಜೋಮು ಹಿಡಿಯುತ್ತಿವೆ ಎಂದು ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧಭಾಗ ಮರಗಟ್ಟಿ, ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಹಗುರಾಗುತ್ತದೆ ಎಂದಾದರೆ ಮಣಿಕಟ್ಟಿನ ಕಿರಿದಾದ ಸುರಂಗದಲ್ಲಿ (ಇದೇ ಕಾರ್ಪಲ್ ಟನೆಲ್) ಈ ಬೆರಳುಗಳಿಗೆ ಹೋಗುವ ಮೀಡಿಯನ್ ನರ ಒತ್ತಿಹೋಗಿರುವ ಸಾಧ್ಯತೆ ಹೆಚ್ಚು. ಜೋಮು ಮುಖ್ಯವಾಗಿ ಕಿರುಬೆರಳಿನಲ್ಲಿದ್ದರೆ ಮೂಲ ಮೊಣಕೈಯಲ್ಲೋ ಕುತ್ತಿಗೆಯಲ್ಲೋ ಇರಬಹುದು. ಆಗ ಮಣಿಕಟ್ಟಿಗೆ ಏನು ಕಟ್ಟಿದರೂ ಪ್ರಯೋಜನವಿಲ್ಲ.

ಹೆಬ್ಬೆರಳಿನ ಬುಡದ ಮಾಂಸಖಂಡ ಕರಗಿ ಚಪ್ಪಟೆಯಾಗಿದ್ದರೆ, ಅಂಗಿಯ ಗುಂಡಿ ಹಾಕುವುದು ಕಷ್ಟವಾಗಿದ್ದರೆ, ಜೋಮು ಹಗಲೂ ರಾತ್ರಿ ಬಿಡದೆ ಇದ್ದರೆ ಮುಂದಿನದನ್ನೆಲ್ಲ ಪ್ರಯೋಗಿಸುತ್ತ ಕೂರಬೇಡಿ. ನರದ ವಾಹಕತೆಯ ಪರೀಕ್ಷೆ (ನರ್ವ್ ಕಂಡಕ್ಷನ್ ಟೆಸ್ಟ್) ಮಾಡಿಸಿ, ಕೈ ಶಸ್ತ್ರಚಿಕಿತ್ಸಕರನ್ನು ಕಾಣಿ. ತಡಮಾಡಿದರೆ ಕಳೆದುಹೋದ ಬಲ ಪೂರ್ತಿ ಮರಳದೇ ಇರಬಹುದು.

ಉಳಿದವರು ರಾತ್ರಿಯ ಸ್ಪ್ಲಿಂಟ್‌ನಿಂದ, ಅಂದರೆ ಮಣಿಕಟ್ಟು ಮಡಚದಂತೆ ಹಿಡಿಯುವ ಗಟ್ಟಿ ಕಟ್ಟಿನಿಂದ, ಶುರುಮಾಡುವುದು ಸರಿ. ಇದು ಅಗ್ಗ, ಅಪಾಯವಿಲ್ಲ, ಆದರೆ ಬಹಳಷ್ಟು ಜನ ತಪ್ಪಾಗಿ ಕಟ್ಟಿಕೊಂಡು "ಗುಣವಾಗಲಿಲ್ಲ" ಎನ್ನುತ್ತಾರೆ. ನಿದ್ದೆಯಲ್ಲಿ ಮಣಿಕಟ್ಟು ನಮಗೆ ತಿಳಿಯದೆಯೇ ಮಡಚುತ್ತದೆ. ಈ ತೊಂದರೆ ಇರುವವರಲ್ಲಿ ಕೈ ನೇರವಿದ್ದಾಗ ಸುರಂಗದೊಳಗಿನ ಒತ್ತಡ ಸುಮಾರು 30 ಮಿ.ಮೀ. ಪಾದರಸ. ಪೂರ್ತಿ ಒಳಕ್ಕೆ ಮಡಚಿದರೆ ಅಥವಾ ಹಿಂದಕ್ಕೆ ಬಾಗಿಸಿದರೆ ಅದು 90ರಿಂದ 110ಕ್ಕೆ ಏರುತ್ತದೆ. ಆದ್ದರಿಂದ ಬೇಕಾದ್ದು ಸೊನ್ನೆ ಡಿಗ್ರಿ: ಮುಂಗೈ ಮತ್ತು ಅಂಗೈ ಒಂದೇ ಸಾಲಿನಲ್ಲಿ. ಸಿದ್ಧವಾಗಿ ಸಿಗುವ ಅನೇಕ ಸ್ಪ್ಲಿಂಟ್‌ಗಳು ಕೈಯನ್ನು 20–30 ಡಿಗ್ರಿ ಹಿಂದಕ್ಕೆ ಎತ್ತಿ ಹಿಡಿಯುತ್ತವೆ. ಅಂಗೈ ಬದಿಯ ಲೋಹದ ಪಟ್ಟಿಯನ್ನು ಹೊರಗೆಳೆದು ಮೇಜಿನ ಮೇಲೆ ಒತ್ತಿ ನೇರ ಮಾಡಿ, ಮತ್ತೆ ಸೇರಿಸಿ.

ಸ್ಪ್ಲಿಂಟ್‌ನ ಅಂಚು ಅಂಗೈಯ ಮೇಲ್ಗೆರೆಗಿಂತ ಹಿಂದೆಯೇ ನಿಲ್ಲಬೇಕು, ಬೆರಳುಗಳು ಪೂರ್ತಿ ಮಡಚಬೇಕು. ಕಟ್ಟಿದ ಮೇಲೆ ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ತೂರಬೇಕು. ಬಿಗಿಯಾದರೆ ಅದೇ ನರವನ್ನು ಒತ್ತುತ್ತದೆ, ಜೋಮು ಹೆಚ್ಚುತ್ತದೆ. ಬರೀ ಎಲಾಸ್ಟಿಕ್ ಸುತ್ತುಬಟ್ಟೆಗೆ ಕೋನ ಹಿಡಿಯುವ ಶಕ್ತಿಯೇ ಇಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಪ್ರತಿ ರಾತ್ರಿ, ಕನಿಷ್ಠ 6 ವಾರ ಕಟ್ಟಿ. ಎರಡು ರಾತ್ರಿ ಕಟ್ಟಿ ಮೂರನೆಯದು ಬಿಟ್ಟರೆ ಫಲ ತಿಳಿಯುವುದಿಲ್ಲ. ಹಗಲಿನಲ್ಲಿ ಕಟ್ಟಿಕೊಂಡೇ ಕೆಲಸ ಮಾಡಿದರೆ ಭುಜ, ಮೊಣಕೈಗಳ ಮೇಲೆ ಭಾರ ಬೀಳುತ್ತದೆ.

ನಿದ್ದೆಯೇ ಹೋಗಿದೆ, ಆರು ವಾರ ಕಾಯಲಾಗದು ಎನ್ನುವವರಿಗೆ ಸ್ಟೀರಾಯ್ಡ್ ಇಂಜೆಕ್ಷನ್. ಬೇಗ ಹಿಡಿಯುವುದು ಇದೇ. ಬ್ರಿಟನ್ನಿನಲ್ಲಿ 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 20 ಮಿ.ಗ್ರಾಂ. ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚಿಸಿಕೊಂಡವರು ಆರನೇ ವಾರದಲ್ಲಿ ಸ್ಪ್ಲಿಂಟ್ ಕಟ್ಟಿದವರಿಗಿಂತ ಚೆನ್ನಾಗಿದ್ದರು, ಆರು ತಿಂಗಳ ಹೊತ್ತಿಗೆ ಇಬ್ಬರೂ ಸಮಸಮ. 2013ರ ಸ್ವೀಡನ್ ಪ್ರಯೋಗದಲ್ಲಿ ಸ್ಪ್ಲಿಂಟ್‌ನಿಂದ ಗುಣ ಕಾಣದವರಿಗೇ ಅದೇ ಮದ್ದನ್ನು 40 ಅಥವಾ 80 ಮಿ.ಗ್ರಾಂ. ಕೊಟ್ಟರು. ಹತ್ತು ವಾರಕ್ಕೆ ನೋವು ಇಳಿದಿತ್ತು, ಆದರೂ ವರ್ಷದೊಳಗೆ ಹೆಚ್ಚಿನವರು ಶಸ್ತ್ರಚಿಕಿತ್ಸೆಗೆ ಹೋದರು. ಇದು ಸಮಯ ಕೊಂಡುಕೊಳ್ಳುವ ಮದ್ದು ಎಂದೇ ತಿಳಿಯುವುದು ಕ್ಷೇಮ.

ಸೂಜಿ ಒಳಹೋಗುವಾಗ ಬೆರಳಿಗೆ ಶಾಕ್ ಹೊಡೆದಂತಾದರೆ ತಕ್ಷಣ ಹೇಳಿ. ಸೂಜಿ ನರಕ್ಕೆ ತಾಗಿರುತ್ತದೆ, ಅಲ್ಲಿ ಮದ್ದು ಬಿಡಬಾರದು. ಮರಗಟ್ಟಿಸುವ ಮದ್ದು ಸೇರಿಸಿದ್ದರೆ ಕೆಲವು ಗಂಟೆ ಬೆರಳು ಸ್ಪರ್ಶ ಅರಿಯುವುದಿಲ್ಲ, ಗಾಡಿ ಓಡಿಸಬೇಡಿ. ಮೊದಲ ಒಂದೆರಡು ದಿನ ನೋವು ಏರಬಹುದು. ಚುಚ್ಚಿದ ಜಾಗದ ಚರ್ಮ ಬಿಳುಪೇರುವುದೂ ಉಂಟು. ಮಧುಮೇಹಿಗಳಲ್ಲಿ ಕೆಲವು ದಿನ ಸಕ್ಕರೆ ಏರುತ್ತದೆ, ಮಾಮೂಲಿಗಿಂತ ಹೆಚ್ಚು ಸಲ ಪರೀಕ್ಷಿಸಿ.

ಮಾತ್ರೆಗಳ ವಿಷಯ ಚಿಕ್ಕದು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಬಿ6 ವಿಟಮಿನ್ ಯಾವುದೂ ಮದ್ದಿಲ್ಲದ ಹುಸಿಮಾತ್ರೆಗಿಂತ ಮೇಲೆಂದು ತೋರಿಲ್ಲ. ಬಿ6 ಅತಿಯಾದರೆ ಅದೇ ನರಗಳಿಗೆ ಹಾನಿ ಮಾಡುತ್ತದೆ! ಪ್ರೆಡ್ನಿಸೊಲೋನ್ ಮಾತ್ರೆ ಕೆಲವು ವಾರ ಉಪಶಮನ ಕೊಡುತ್ತದೆ, ಆದರೆ ಒಂದು ಮಣಿಕಟ್ಟಿಗಾಗಿ ಇಡೀ ಮೈಗೆ ಸ್ಟೀರಾಯ್ಡ್ ಕೊಟ್ಟಂತೆ. ಇಂಜೆಕ್ಷನ್ ಬೇಡವೇ ಬೇಡ ಎನ್ನುವವರು ವೈದ್ಯರ ನಿಗಾದಲ್ಲಷ್ಟೇ ಯೋಚಿಸಬಹುದು.

ವ್ಯಾಯಾಮವನ್ನು ಸ್ಪ್ಲಿಂಟ್ ಜೊತೆಗೆ ಮಾಡಿ, ಅದರ ಬದಲಿಗಲ್ಲ. ಕ್ರಮ ಹೀಗೆ: ಬೆರಳು ನೇರ, ಕೊಕ್ಕೆಯಂತೆ ತುದಿಗಳನ್ನು ಮಡಚಿ, ಪೂರ್ತಿ ಮುಷ್ಟಿ, ಬುಡದಲ್ಲಿ ಮಾತ್ರ ಮಡಚಿ ಬೆರಳು ನೇರ, ಕೊನೆಗೆ ಬೆರಳ ತುದಿ ಅಂಗೈಯ ಬುಡಕ್ಕೆ ತಾಗುವ ಚಪ್ಪಟೆ ಮುಷ್ಟಿ. ಒಂದೊಂದರಲ್ಲಿ 5–7 ಸೆಕೆಂಡ್, 5 ಸುತ್ತು, ದಿನಕ್ಕೆ 3 ಸಲ. ಜೋಮು ಶುರುವಾದರೆ ಸುತ್ತು ಕಡಿಮೆ ಮಾಡಿ; ಸಿಟ್ಟಾದ ನರವನ್ನು ಎಳೆದು ಪಳಗಿಸಲಾಗದು. ಅಲ್ಟ್ರಾಸೌಂಡ್, ಲೇಸರ್ ಚಿಕಿತ್ಸೆಗಳಿಗೆ ಪುರಾವೆ ದುರ್ಬಲ, ಓಡಾಟ ಮಾತ್ರ ಹೆಚ್ಚು.

ಗರ್ಭಿಣಿಯರಲ್ಲಿ ಹೆರಿಗೆಯ ನಂತರ ಇದು ಸಾಮಾನ್ಯವಾಗಿ ತಾನೇ ಇಳಿಯುತ್ತದೆ, ಅಲ್ಲಿಯವರೆಗೆ ಸ್ಪ್ಲಿಂಟ್ ಸಾಕು. ಎರಡೂ ಕೈಗೆ ಬಂದಿದ್ದರೆ ಥೈರಾಯ್ಡ್ ಮತ್ತು ಸಕ್ಕರೆಯ ರಕ್ತಪರೀಕ್ಷೆ ಮಾಡಿಸಿ.