ಅಡಿಕೆ ಲೆಕ್ಕಕ್ಕೊಂದು ಅಸರ್ಟ್: ಎಲ್ಲಿ, ಹೇಗೆ ಬರೆಯುವುದು?

ಕಾಸರಗೋಡಿನ ಬದಿಯಡ್ಕ ಪೇಟೆಯ ಯಾವುದಾದರೂ ಅಡಿಕೆ ಅಂಗಡಿಯ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತರೆ ಈ ನಾಲ್ಕು ಮಾತು ಕಿವಿಗೆ ಬೀಳುತ್ತವೆ. "ಚಾಲಿಗೆ ರೇಟು ಏರಿದೆ." "ಏರಿದೆಯಂತೆ." "ಏರಿದರೆ ಕೊಡುವ." "ಏರಿದೆಯಾ?" ಚಾಲಿ ಎಂದರೆ ಒಣಗಿಸಿ ಸುಲಿದ ಅಡಿಕೆ. ಈ ನಾಲ್ಕು ಮಾತಿನಲ್ಲೂ ಇರುವ ಸಂಗತಿ ಒಂದೇ. ಆದರೆ ನಾಳೆ ರೇಟು ಏರಲೇ ಇಲ್ಲ ಅಂತ ಗೊತ್ತಾದರೆ ಜವಾಬು ಹೇಳಬೇಕಾದವರು ಮೊದಲನೆಯವರು ಮಾತ್ರ. 'ಅಂತೆ' ಅಂದವರು ಸುದ್ದಿ ತಂದವನ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದು. 'ಏರಿದರೆ' ಅಂದವರು ಯಾವುದನ್ನೂ ಒಪ್ಪಿಕೊಂಡೇ ಇಲ್ಲ. ತಾನೇ ಹೊಣೆ ಹೊತ್ತು 'ಇದು ಹೀಗೇ ಇದೆ' ಎಂದು ಹೇಳುವ ಆ ಮೊದಲ ಬಗೆಯ ಮಾತನ್ನು ಪ್ರೋಗ್ರಾಮಿನೊಳಗೆ ಬರೆಯುವುದಕ್ಕೆ ಇರುವ ಸಾಲೇ ಅಸರ್ಟ್. ಹೇಳಿದ್ದು ಸುಳ್ಳಾದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

ಸಂಗತಿ ಬೇರೆ, ಅದರ ಹೊಣೆ ಹೊರುವುದು ಬೇರೆ. ಇದನ್ನು ಗೆರೆ ಎಳೆದೇ ತೋರಿಸಿದವರು ಜರ್ಮನಿಯ ಗಣಿತಜ್ಞ ಗೊಟ್ಲೋಬ್ ಫ್ರೇಗೆ. 1879ರಲ್ಲಿ ಅವರು ರೂಪಿಸಿದ ತರ್ಕಲಿಪಿಯಲ್ಲಿ ವಾಕ್ಯದ ಎಡಕ್ಕೆ ಒಂದು ಅಡ್ಡಗೆರೆ ಇದ್ದರೆ ಅದು ಬರೀ ಸಂಗತಿ. ಆ ಅಡ್ಡಗೆರೆಯ ತುದಿಗೆ ಒಂದು ನೆಟ್ಟಗಿನ ಗೆರೆ ಸೇರಿದರೆ 'ಇದು ನಿಜ' ಎಂದು ಹೇಳಿದ ಹಾಗೆ. ನಾಟಕದ ನಟ ಆಡುವ ಮಾತು ತೋರಿಕೆಯ ಪ್ರತಿಪಾದನೆ ಮಾತ್ರ ಎಂದೂ 1918ರ ಒಂದು ಪ್ರಬಂಧದಲ್ಲಿ ಅವರು ಬರೆದಿದ್ದಾರೆ. ಅವರು ನಮ್ಮ ಊರಿನ ತಾಳಮದ್ದಳೆ ಕೇಳಿದ್ದರೆ ಇನ್ನೊಂದು ಮಾತು ಸೇರಿಸುತ್ತಿದ್ದರೋ ಏನೋ. ದುರ್ಯೋಧನನ ಅರ್ಥ ಹೇಳುವವರನ್ನು ಮರುದಿನ ಬೆಳಿಗ್ಗೆ ಯಾರೂ 'ನೀವು ಹಾಗೆ ಹೇಳಿದಿರಲ್ಲ' ಎಂದು ಹಿಡಿಯುವುದಿಲ್ಲ, ಸರಿ. ಆದರೆ ಆ ರಾತ್ರಿ, ಅದೇ ಪ್ರಸಂಗದೊಳಗೆ, ಎದುರಿನ ಕೃಷ್ಣ ಬಿಡುವುದಿಲ್ಲ: "ಈಗಷ್ಟೇ ಧರ್ಮವೇ ದೊಡ್ಡದು ಎಂದೆ, ಈಗ ಹೀಗೆನ್ನುತ್ತೀಯಲ್ಲ?" ಒಮ್ಮೆ ಹೇಳಿದ ಮಾತಿಗೆ ಮುಂದಿನ ಮಾತು ಹೊಂದಿಕೊಳ್ಳಲೇಬೇಕು. ಅಸರ್ಟ್ ಮಾಡುವ ಕೆಲಸ ಆ ಕೃಷ್ಣನದ್ದು.

ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯಶಾಸ್ತ್ರದವರ ಐದು ಅವಯವಗಳ (ಭಾಗಗಳ) ವಾದದಲ್ಲೂ ಇದೇ ಎಚ್ಚರ ಇದೆ. 'ಬೆಟ್ಟದಲ್ಲಿ ಬೆಂಕಿ ಇದೆ' ಎಂಬ ಮಾತು ಮೊದಲಿಗೆ ಪ್ರತಿಜ್ಞೆಯಾಗಿ, ಅಂದರೆ ಇನ್ನು ಸಾಧಿಸಬೇಕಾದ ಮಾತಾಗಿ ಬರುತ್ತದೆ. ಹೇತು (ಕಾರಣ), ಉದಾಹರಣೆ, ಉಪನಯ (ಅದನ್ನು ಈ ಬೆಟ್ಟಕ್ಕೆ ಅನ್ವಯಿಸುವುದು) ಮುಗಿದ ಮೇಲೆ ಅದೇ ಮಾತು ನಿಗಮನವಾಗಿ, ಅಂದರೆ ತೀರ್ಮಾನವಾಗಿ ಮತ್ತೆ ಬರುತ್ತದೆ. ಮೊದಲ ಸಲ ಅದು ಸಾಲ, ಕೊನೆಯ ಸಲ ಸಂದಾಯ.

ಇನ್ನು ಕೀಬೋರ್ಡಿಗೆ ಬರೋಣ. ಕೇರಳದ ಹೈಸ್ಕೂಲು ಐಸಿಟಿ (ಕಂಪ್ಯೂಟರ್) ಪಾಠಗಳಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇರುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರ ಮುಖಪರಿಚಯ ಇದೆ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರುಗಳನ್ನು (ಲೆಕ್ಕದ ಸಂಖ್ಯೆಗಳಿಗೆ ನಾವು ಇಡುವ ಹೆಸರುಗಳನ್ನು) ಕನ್ನಡ ಲಿಪಿಯಲ್ಲೇ ಇಡಬಹುದು. ಹೆಚ್ಚಿನವರು ಇದನ್ನು ಮಾಡಿ ನೋಡಿಯೇ ಇರುವುದಿಲ್ಲ. ಫಾರ್, ಇಫ್, ಅಸರ್ಟ್ ಮೊದಲಾದ ಪೈಥಾನಿನ ಸ್ವಂತ ಶಬ್ದಗಳನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಇಲ್ಲಿ ಓದುವ ಅನುಕೂಲಕ್ಕೆ ಅವನ್ನೂ ಕನ್ನಡದಲ್ಲಿ ಕೊಟ್ಟಿದೆ.

ಮೊದಲ ಹೆಜ್ಜೆ: ತೂಕ ಗ್ರಾಮಿನಲ್ಲಿರಲಿ

ಕಿಲೋದಲ್ಲಿ ದಶಮಾಂಶ ಹಾಕಿ ಬರೆಯಬೇಡಿ. ಪೈಥಾನಿನಲ್ಲಿ 0.1 + 0.2 ಎಂದು ಕೊಟ್ಟರೆ ಬರುವ ಉತ್ತರ 0.30000000000000004. ಕಂಪ್ಯೂಟರ್ ಈ ಸಂಖ್ಯೆಗಳನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ, 0.1 ಅಲ್ಲಿ ಪೂರ್ತಿಯಾಗಿ ಕೂರುವುದಿಲ್ಲ. ಹಾಗಾಗಿ 'ಇದೂ ಅದೂ ಸಮ' ಎಂಬ ಅಸರ್ಟ್ ಸುಮ್ಮನೆ ಮುರಿದು ಬೀಳುತ್ತದೆ. ಗ್ರಾಮಿನಲ್ಲಿ, ಪೈಸೆಯಲ್ಲಿ ಪೂರ್ಣಾಂಕ ಇಟ್ಟುಕೊಂಡರೆ ಈ ರಗಳೆ ಇಲ್ಲ.

ಎರಡನೇ ಹೆಜ್ಜೆ: ಯಾರ ತಪ್ಪು ಎಂದು ಬೇರೆ ಮಾಡಿ

ಅರ್ಧ ಜನ ಎಡವುವುದು ಇಲ್ಲೇ. ತೂಕ ಬರೆದುಕೊಳ್ಳುವವರು ಚಾಲಿ ಎಂಬಲ್ಲಿ 'ಚಾಳಿ' ಎಂದು ಟೈಪ್ ಮಾಡಬಹುದು, 52000ದ ಹಿಂದೆ ಮೈನಸ್ ಬೀಳಬಹುದು. ಅದು ಹೊರಗಿನಿಂದ ಬರುವ ತಪ್ಪು, ಬಂದೇ ಬರುತ್ತದೆ. ಅದಕ್ಕೆ ಇಫ್ ('ಹೀಗಿದ್ದರೆ ಹೀಗೆ ಮಾಡು' ಎಂಬ ಸಾಲು) ಹಾಕಿ, 'ಸರಿಯಾಗಿ ಹಾಕಿ' ಎಂದು ಮತ್ತೆ ಕೇಳಿ. ಅಸರ್ಟ್ ಇರುವುದು ನಿಮ್ಮ ಸ್ವಂತ ಮಾತಿಗೆ: 'ಹೊರಗಿಂದ ಬಂದದ್ದನ್ನೆಲ್ಲ ನಾನು ನೋಡಿಯೇ ಒಳಗೆ ಬಿಟ್ಟಿದ್ದೇನೆ, ಇನ್ನು ಇಲ್ಲಿಂದ ಮುಂದೆ ಇದು ಹೀಗೇ ಇರಬೇಕು.' ಅದು ಸುಳ್ಳಾದರೆ ತಪ್ಪು ಪ್ರೋಗ್ರಾಂ ಬರೆದವರದ್ದು, ತೂಕ ಹಾಕಿದವರದ್ದಲ್ಲ.

ಮೂರನೇ ಹೆಜ್ಜೆ: ಎರಡು ದಾರಿಯಲ್ಲಿ ಬಂದ ಲೆಕ್ಕವನ್ನು ಎದುರುಬದುರು ಇಡಿ

'ಅಸರ್ಟ್ 2 + 2 == 4' ಎಂದು ಬರೆದರೆ ಯಾರಿಗೂ ಉಪಕಾರವಿಲ್ಲ. ಒಂದೇ ಮೊತ್ತಕ್ಕೆ ಬೇರೆ ಬೇರೆ ದಾರಿಯಿಂದ ಬಂದು ಸೇರುವ ಎರಡು ಲೆಕ್ಕ ಸಿಕ್ಕಿದರೆ ಮಾತ್ರ ಅಸರ್ಟಿಗೆ ಹಲ್ಲು ಬರುತ್ತದೆ. ಅಡಿಕೆಯಲ್ಲಿ ಅದು ಸುಲಭ: ಚೀಲ ಚೀಲವಾಗಿ ತೂಗಿದ ಒಟ್ಟು ತೂಕ ಒಂದು ದಾರಿ, ಬಗೆ ಬಗೆಯಾಗಿ ಹೆಕ್ಕಿ ಕೂಡಿಸಿದ ತೂಕ ಇನ್ನೊಂದು. ಚಾಲಿ, ಪಟೋರ, ಕರಿಗೋಟು ಎಲ್ಲ ಅಡಿಕೆಯ ಬಗೆಗಳು. ಕೆಳಗೆ += ಎಂದರೆ 'ಅದಕ್ಕೆ ಕೂಡಿಸು', == ಎಂದರೆ 'ಸಮವೇ ನೋಡು', ಎಲಿಫ್ ಎಂದರೆ 'ಅದಲ್ಲದೆ ಇದಾದರೆ'.

ಚಾಲಿ = ಪಟೋರ = ಕರಿಗೋಟು = ತೂಗಿದ್ದು = 0
ಫಾರ್ ಬಗೆ, ಗ್ರಾಂ ಇನ್ ಚೀಲಗಳು:
    ತೂಗಿದ್ದು += ಗ್ರಾಂ
    ಇಫ್ ಬಗೆ == "ಚಾಲಿ": ಚಾಲಿ += ಗ್ರಾಂ
    ಎಲಿಫ್ ಬಗೆ == "ಪಟೋರ": ಪಟೋರ += ಗ್ರಾಂ
    ಎಲಿಫ್ ಬಗೆ == "ಕರಿಗೋಟು": ಕರಿಗೋಟು += ಗ್ರಾಂ
    ಅಸರ್ಟ್ ಚಾಲಿ + ಪಟೋರ + ಕರಿಗೋಟು == ತೂಗಿದ್ದು, ಬಗೆ + " ಯಾವ ಲೆಕ್ಕಕ್ಕೂ ಸೇರಲಿಲ್ಲ"

ಈಗ ನಾಲ್ಕು ಚೀಲ ಕೊಡಿ: ಚಾಲಿ 52000, ಪಟೋರ 11500, ಉಳ್ಳಿಗಡ್ಡೆ (ಈರುಳ್ಳಿಯಲ್ಲ, ಅಡಿಕೆಯದ್ದೇ ಒಂದು ಬಗೆ) 6250, ಕರಿಗೋಟು 3000. ತೂಕ ಹಾಕುವ ಪರದೆಯಲ್ಲಿ ನೀವು ನಾಲ್ಕು ಬಗೆಯನ್ನೂ ಒಪ್ಪಿಕೊಂಡಿದ್ದೀರಿ, ಲೆಕ್ಕ ಮಾಡುವಲ್ಲಿ ಉಳ್ಳಿಗಡ್ಡೆಗೆ ಸಾಲು ಬರೆಯಲು ಮರೆತಿದ್ದೀರಿ. ಅಸರ್ಟ್ ಇಲ್ಲದಿದ್ದರೆ ಪ್ರೋಗ್ರಾಂ ತಕರಾರಿಲ್ಲದೆ ಓಡಿ ಮುಗಿಯುತ್ತದೆ. ತೂಗಿದ್ದು 72750, ಹಣ ಸಿಗುವುದು 66500ಕ್ಕೆ. ಕಿಲೋಗೆ 200 ರೂಪಾಯಿ ಎಂದಿಟ್ಟುಕೊಂಡರೂ 1250 ರೂಪಾಯಿ ಮಾಯ, ಚೀಟಿ ನೋಡಿದರೆ ಎಲ್ಲ ಸರಿಯಿದ್ದ ಹಾಗೇ ಕಾಣುತ್ತದೆ. ಅಸರ್ಟ್ ಇದ್ದರೆ ಮೂರನೇ ಚೀಲದಲ್ಲೇ ಪ್ರೋಗ್ರಾಂ ನಿಂತು 'ಉಳ್ಳಿಗಡ್ಡೆ ಯಾವ ಲೆಕ್ಕಕ್ಕೂ ಸೇರಲಿಲ್ಲ' ಎನ್ನುತ್ತದೆ.

ಅಸರ್ಟನ್ನು ಲೂಪಿನ (ಚೀಲ ಚೀಲಕ್ಕೂ ಮತ್ತೆ ಮತ್ತೆ ಓಡುವ ಫಾರ್ ಸಾಲುಗಳ) ಒಳಗೇ, ಪ್ರತಿ ಸುತ್ತಿನ ಕೊನೆಗೆ ಇಟ್ಟದ್ದನ್ನು ಗಮನಿಸಿ. ಲೂಪ್ ಮುಗಿದ ಮೇಲೆ ಹಾಕಿದ್ದರೂ ತಪ್ಪು ಸಿಕ್ಕುತ್ತಿತ್ತು. ಆದರೆ ಚೀಲ ನೂರಿದ್ದರೆ ಯಾವುದರಲ್ಲಿ ಎಡವಿತು ಎಂದು ನೀವೇ ಹುಡುಕಬೇಕಾಗುತ್ತಿತ್ತು. ಎಷ್ಟು ಸುತ್ತು ತಿರುಗಿದರೂ ಪ್ರತಿ ಸುತ್ತಿನ ಕೊನೆಗೆ ನಿಜವಾಗಿಯೇ ಉಳಿಯಬೇಕಾದ ಇಂಥ ಮಾತೇ ಲೂಪಿನ ಬೆನ್ನೆಲುಬು. ಅದು ಹೊಳೆಯದಿದ್ದರೆ ಲೂಪ್ ಏನು ಮಾಡುತ್ತಿದೆ ಎಂಬುದೂ ನಿಮಗೆ ಪೂರ್ತಿ ಗೊತ್ತಿಲ್ಲ ಎಂದೇ ನನ್ನ ಅಭಿಪ್ರಾಯ.

ಈ ಉಪಾಯ ಇವತ್ತಿನದ್ದಲ್ಲ. 1949ರ ಜೂನ್ 24ರಂದು ಕೇಂಬ್ರಿಡ್ಜಿನ ಸಮ್ಮೇಳನವೊಂದರಲ್ಲಿ ಕಂಪ್ಯೂಟರ್ ವಿಜ್ಞಾನದ ಮೊದಲಿಗರಲ್ಲೊಬ್ಬರಾದ ಅಲನ್ ಟ್ಯೂರಿಂಗ್ ಓದಿದ ಪುಟ್ಟ ಪ್ರಬಂಧದಲ್ಲೇ ಇದು ಇದೆ. ದೊಡ್ಡ ಪ್ರೋಗ್ರಾಮನ್ನು ಇನ್ನೊಬ್ಬರು ಪರಿಶೀಲಿಸಬೇಕಾದರೆ ಬರೆದವರು ಅಲ್ಲಲ್ಲಿ ಖಚಿತವಾದ ಮಾತುಗಳನ್ನು ಕೊಡಬೇಕು. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ಇಡೀ ಪ್ರೋಗ್ರಾಂ ಸರಿ ಎಂದು ತಾನಾಗಿ ತಿಳಿಯಬೇಕು ಎಂದರು ಅವರು. ಕೊಟ್ಟ ಉದಾಹರಣೆ, ಗುಣಾಕಾರ ಮಾಡಲು ಬಾರದ ಯಂತ್ರದಲ್ಲಿ ಬರೀ ಕೂಡುತ್ತಾ ಹೋಗಿ ಫ್ಯಾಕ್ಟೋರಿಯಲ್ (1ರಿಂದ ಒಂದು ಸಂಖ್ಯೆಯವರೆಗಿನ ಎಲ್ಲವನ್ನೂ ಗುಣಿಸಿದ ಮೊತ್ತ) ಕಂಡುಹಿಡಿಯುವುದು. ಪ್ರಬಂಧ ಬಹುಕಾಲ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. 1967ರಲ್ಲಿ ರಾಬರ್ಟ್ ಫ್ಲಾಯ್ಡ್, 1969ರಲ್ಲಿ ಟೋನಿ ಹೋರ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು ಇದನ್ನು ಶಾಸ್ತ್ರವಾಗಿ ಕಟ್ಟಿದರು: ಕೆಲಸಕ್ಕೆ ಮೊದಲು ಇದು ನಿಜವಿದ್ದು, ಕೆಲಸ ಮುಗಿದರೆ, ಆಮೇಲೆ ಅದು ನಿಜ. ಹೋರ್ ಅವರ ದಾರಿಯಲ್ಲಿ ಕಾಗದದ ಮೇಲೆ ಸಾಧಿಸಿ ತೋರಿಸಬೇಕಾದದ್ದನ್ನು ನಾವು ಯಂತ್ರಕ್ಕೆ ಬಿಟ್ಟು ಓಡುವಾಗಲೇ ನೋಡಿಸುತ್ತೇವೆ, ವ್ಯತ್ಯಾಸ ಅಷ್ಟೇ. ಯಂತ್ರ ನೋಡುವುದು ಇವತ್ತು ಕೊಟ್ಟ ಚೀಲಗಳನ್ನು ಮಾತ್ರ. ಕಾಗದದ ಮೇಲಿನ ರುಜುವಾತು ಕೊಡಬಹುದಾದ ಎಲ್ಲ ಚೀಲಗಳಿಗೂ ಸಲ್ಲುತ್ತದೆ.

ನಾಲ್ಕನೇ ಹೆಜ್ಜೆ: ಅಸರ್ಟನ್ನು ಆರಿಸಿದಾಗಲೂ (ಆಫ್ ಮಾಡಿದಾಗಲೂ) ಪ್ರೋಗ್ರಾಂ ನಡೆಯಬೇಕು

ಪೈಥಾನಿಗೆ ಹೈಫನ್ ಮತ್ತು ಇಂಗ್ಲಿಷಿನ ದೊಡ್ಡ 'ಓ' ಅಕ್ಷರ ಸೇರಿಸಿ ಓಡಿಸಿದರೆ ಅಸರ್ಟ್ ಸಾಲುಗಳೆಲ್ಲ ಇಲ್ಲವೇ ಇಲ್ಲ ಎಂಬಂತಾಗುತ್ತವೆ. ಜಾವಾದಲ್ಲಿ ಅವು ಮೊದಲಿಂದಲೇ ಆರಿರುತ್ತವೆ, ಬೇಕಾದವರು ಹೊತ್ತಿಸಿಕೊಳ್ಳಬೇಕು. ಸಿ ಭಾಷೆಯಲ್ಲೂ ಆರಿಸುವ ಸೌಲಭ್ಯ ಇದೆ. ಆದ್ದರಿಂದ ಅಸರ್ಟಿನ ಒಳಗೆ ಕೆಲಸ ಇಡಬೇಡಿ. ಪಟ್ಟಿಯಿಂದ ಚೀಲ ತೆಗೆಯುವುದನ್ನೇ ಅಸರ್ಟ್ ಸಾಲಿನಲ್ಲಿ ಬರೆದರೆ, ಆರಿಸಿದ ದಿನ ಚೀಲ ತೆಗೆಯುವ ಕೆಲಸವೂ ನಿಲ್ಲುತ್ತದೆ. ಪಾಸ್‌ವರ್ಡ್ ಸರಿಯೇ, ಹಣ ಕೊಡಬಹುದೇ ಎಂಬಂಥ ಪರೀಕ್ಷೆಯನ್ನಂತೂ ಅಸರ್ಟಿಗೆ ವಹಿಸಲೇಬಾರದು.

ಇನ್ನೊಂದು ಸಣ್ಣ ಕುಣಿಕೆ: ಷರತ್ತು, ಸಂದೇಶ ಎರಡನ್ನೂ ಒಟ್ಟಿಗೆ ಒಂದೇ ಕಂಸದೊಳಗೆ ಹಾಕಿದರೆ ಪೈಥಾನ್ ಅದನ್ನು ಎರಡು ವಸ್ತುಗಳ ಒಂದು ಟಪಲ್ (ಒಟ್ಟಿಗೆ ಕಟ್ಟಿದ ಕಟ್ಟು) ಎಂದು ತಿಳಿಯುತ್ತದೆ. ಖಾಲಿಯಲ್ಲದ ಟಪಲ್ ಯಾವಾಗಲೂ 'ನಿಜ'. ಅಸರ್ಟ್ ಬರೆದೂ ಬರೆಯದ ಹಾಗೆ. ಹೊಸ ಆವೃತ್ತಿಗಳು ಎಚ್ಚರಿಕೆ ಕೊಡುತ್ತವೆ, ಓದುವವರು ಕಡಿಮೆ.

ಐದನೇ ಹೆಜ್ಜೆ: ಮುರಿದಾಗ ಅಳಿಸಬೇಡಿ, ಕೇಳಿ

"ಮಾಷ್ಟ್ರೇ, ಆ ಸಾಲು ತೆಗೆದ್ರೆ ಪ್ರೋಗ್ರಾಂ ಓಡ್ತದೆ" ಎಂದು ಹೇಳುವ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಓಡುತ್ತದೆ, ಉಳ್ಳಿಗಡ್ಡೆಯನ್ನು ಬಿಟ್ಟು. ಅಸರ್ಟ್ ಮುರಿದರೆ ತಪ್ಪು ಎರಡೇ ಕಡೆ ಇರಲು ಸಾಧ್ಯ: ಒಂದೋ ಪ್ರೋಗ್ರಾಮಿನಲ್ಲಿ, ಇಲ್ಲವೇ ನೀವು ಹೇಳಿದ ಮಾತಿನಲ್ಲಿ. ಎರಡನೆಯದೂ ಅಪರೂಪವಲ್ಲ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ದಿನಾ ತೂಗಿ ದಾಖಲಿಸುವ ಪ್ರೋಗ್ರಾಂ ಬರೆದವರೊಬ್ಬರು 'ಅಸರ್ಟ್ ಇವತ್ತಿನ_ತೂಕ <= ನಿನ್ನೆಯ_ತೂಕ' (ಇವತ್ತಿನದ್ದು ನಿನ್ನೆಯದ್ದಕ್ಕಿಂತ ಹೆಚ್ಚಿಲ್ಲ) ಎಂದು ಹಾಕಿದ್ದಾರೆಂದು ಇಟ್ಟುಕೊಳ್ಳಿ. ಒಣಗುವ ವಸ್ತುವಿನ ತೂಕ ಏರುವುದುಂಟೇ ಎಂಬುದು ಅವರ ನಂಬಿಕೆ. ಮುಚ್ಚುವಷ್ಟರಲ್ಲಿ ಅಕಾಲ ಮಳೆ ಬಂದು ಅಡಿಕೆ ಒದ್ದೆಯಾದ ಮರುದಿನ ಅಸರ್ಟ್ ಮುರಿಯುತ್ತದೆ. ಪ್ರೋಗ್ರಾಮಿನಲ್ಲಿ ದೋಷವಿಲ್ಲ, ತಕ್ಕಡಿಯಲ್ಲೂ ಇಲ್ಲ. ಆ ಸಾಲನ್ನು ಅಲ್ಲಿಂದ ತೆಗೆದು ಒಂದು ಇಫ್ ಮಾಡಿ: ತೂಕ ಏರಿದ್ದರೆ 'ಅಡಿಕೆ ಒದ್ದೆಯಾಗಿದೆಯೇ ನೋಡಿ' ಎಂದು ಪರದೆಯ ಮೇಲೆ ಬರಲಿ, ದಾಖಲೆ ಮುಂದುವರಿಯಲಿ.